ಮಗಳು 11ನೇ ತರಗತಿ ಮುಗಿಸುತ್ತಿದ್ದಾಳೆ. ಸ್ಟ್ಯಾನ್‌ಫರ್ಡ್, ಎಂಐಟಿ, ಬರ್ಕ್ಲಿ: ಅವಕಾಶ ಎಷ್ಟಿದೆ ಹೇಳುತ್ತೀರಾ?

ಶರಾವತಿ_ತೀರ
ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗಳು ಪಬ್ಲಿಕ್ ಹೈಸ್ಕೂಲಿನಲ್ಲಿ 11ನೇ ತರಗತಿ ಮುಗಿಸುತ್ತಿದ್ದಾಳೆ. ಆಗಸ್ಟ್ ಬಂದರೆ ಅರ್ಜಿ ತುಂಬುವ ಕೆಲಸ ಶುರು. ಮನೆಯಲ್ಲಿ ದಿನಾ ಇದೇ ಮಾತು, ರಾತ್ರಿ ಊಟಕ್ಕೆ ಕೂತರೂ ಇದೇ.

ಅವಳ ವಿವರ ಕೊಡುತ್ತೇನೆ. ಅನ್‌ವೇಟೆಡ್ ಜಿಪಿಎ (ಗ್ರೇಡುಗಳ ಸರಾಸರಿ, 4ಕ್ಕೆ) 3.92. ಒಟ್ಟು ಮೂರು ಬಿ ಇವೆ: 9ನೇ ತರಗತಿಯಲ್ಲಿ ಒಂದು, 10ರಲ್ಲಿ ಕೆಮಿಸ್ಟ್ರಿಗೆ ಒಂದು, ಈ ವರ್ಷ ಇಂಗ್ಲಿಷಿಗೆ ಒಂದು. ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ 1530. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಇಲ್ಲಿಯವರೆಗೆ ಆರು, ಮುಂದಿನ ವರ್ಷ ಇನ್ನೂ ನಾಲ್ಕು. ಎಪಿ ಕ್ಯಾಲ್ಕುಲಸ್ ಬಿ.ಸಿ. ಪರೀಕ್ಷೆಯಲ್ಲಿ ಐದಕ್ಕೆ 5 ಬಂದಿದೆ. ರೊಬೊಟಿಕ್ಸ್ ತಂಡದಲ್ಲಿ ಪ್ರೋಗ್ರಾಮಿಂಗ್ ನೋಡಿಕೊಳ್ಳುತ್ತಾಳೆ. ಯುಎಸ್‌ಎಕೋ ಪ್ರೋಗ್ರಾಮಿಂಗ್ ಸ್ಪರ್ಧೆಯಲ್ಲಿ ಗೋಲ್ಡ್ ಮಟ್ಟ. ಕರ್ನಾಟಕ ಸಂಗೀತ ಒಂಬತ್ತು ವರ್ಷ ಕಲಿತಿದ್ದಾಳೆ. ಶನಿವಾರ ಲೈಬ್ರರಿಗೆ ಹೋಗಿ ವಯಸ್ಸಾದವರಿಗೆ ಫೋನ್ ಬಳಸುವುದು ಹೇಳಿಕೊಡುತ್ತಾಳೆ.

ಓದಬೇಕೆಂದಿರುವುದು ಕಂಪ್ಯೂಟರ್ ಸೈನ್ಸ್ (ಸಿಎಸ್). ಪಟ್ಟಿ: ಸ್ಟ್ಯಾನ್‌ಫರ್ಡ್, ಎಂಐಟಿ, ಕಾರ್ನೆಗಿ ಮೆಲನ್, ಕಾರ್ನೆಲ್, ಜಾರ್ಜಿಯಾ ಟೆಕ್, ಬರ್ಕ್ಲಿ, ಯುಸಿಎಲ್‌ಎ. ಒಂದೊಂದಕ್ಕೂ ಶೇಕಡಾ ಎಷ್ಟು ಅವಕಾಶ ಇದೆ ಎಂದು ತಿಳಿದವರು ಹೇಳಿ. ನೇರವಾಗಿ ಹೇಳಿದರೂ ಬೇಜಾರಿಲ್ಲ.

ಕೋಡುಬಳ್ಳಿ
ಪಟ್ಟಿಯಲ್ಲಿ ಒಂದೂ ಸೇಫ್ಟಿ ಇಲ್ಲವಲ್ಲ ಮೇಡಂ, ಹೆಚ್ಚೂ ಕಡಿಮೆ ಖಂಡಿತ ಸಿಗುವಂಥದ್ದು!

ತುಂಗಾ77
ಅದೇ ನನಗೂ ಮೊದಲು ಕಣ್ಣಿಗೆ ಬಿದ್ದಿದ್ದು. ಏಳಕ್ಕೆ ಏಳೂ ಕಷ್ಟದವು.

ಹೊಸಮನೆ_ಅಪ್ಪ
ನೇರವಾಗಿ ಹೇಳಿ ಅಂದಿದ್ದೀರಿ, ಹೇಳುತ್ತೇನೆ. ಸ್ಟ್ಯಾನ್‌ಫರ್ಡ್, ಎಂಐಟಿ ಎರಡೂ ನೂರಕ್ಕೆ ನಾಲ್ಕೈದು ಮಕ್ಕಳನ್ನು ತೆಗೆದುಕೊಳ್ಳುತ್ತವೆ. 2024ರಲ್ಲಿ ಎಂಐಟಿಗೆ 28 ಸಾವಿರಕ್ಕೂ ಜಾಸ್ತಿ ಅರ್ಜಿ ಬಂದವು, ಸೀಟು ಸಿಕ್ಕಿದ್ದು 1,300ಕ್ಕಿಂತ ಕಡಿಮೆ ಮಕ್ಕಳಿಗೆ. ಮೂರು ಬಿ ಇಟ್ಟುಕೊಂಡು ಅಲ್ಲಿ ಕಷ್ಟ. ಬರ್ಕ್ಲಿ ಸಿಎಸ್ ಕೂಡ ಕಷ್ಟ. ನನ್ನ ಮಗನಿಗೆ 4.0 ಇತ್ತು, 1570 ಇತ್ತು, ಅವನಿಗೇ ಸಿಗಲಿಲ್ಲ.

ಗಣಿತಪ್ರಿಯ
ಒಂದೊಂದರಲ್ಲಿ 5% ಅಂತಲೇ ಇಟ್ಟುಕೊಳ್ಳಿ. ಹತ್ತು ಕಾಲೇಜಿಗೆ ಹಾಕಿದರೆ ಒಂದಾದರೂ ಸಿಗುವ ಅವಕಾಶ 40% ಆಗುತ್ತದೆ. 0.95ನ್ನು ಹತ್ತು ಸಲ ಗುಣಿಸಿ ನೋಡಿ, ಸುಮಾರು 0.60. ಹಲವು ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆಪ್‌ನಲ್ಲಿ 20 ಕಾಲೇಜಿನವರೆಗೆ ಹಾಕಬಹುದು. ಹಾಗಾಗಿ ಪಟ್ಟಿ ಉದ್ದ ಮಾಡಿ ಅನ್ನುವುದು ನನ್ನ ಸಲಹೆ.

ಕ್ಯಾಲಿ_ಕಾವೇರಿ
@ಗಣಿತಪ್ರಿಯ ಈ ಲೆಕ್ಕ ತಪ್ಪು ಸರ್. ಹಾಗೆ ಗುಣಿಸಬೇಕಾದರೆ ಒಂದು ಕಾಲೇಜಿನ ತೀರ್ಮಾನಕ್ಕೂ ಇನ್ನೊಂದರ ತೀರ್ಮಾನಕ್ಕೂ ಸಂಬಂಧವೇ ಇರಬಾರದು. ಇಲ್ಲಿ ಹತ್ತೂ ಕಡೆ ಹೋಗುವುದು ಅದೇ ಗ್ರೇಡು, ಅದೇ ಶಿಫಾರಸು ಪತ್ರ, ಅದೇ 650 ಪದದ ಪ್ರಬಂಧ. ಒಬ್ಬರಿಗೆ ಹಿಡಿಸದ ಅರ್ಜಿ ಇನ್ನೊಬ್ಬರಿಗೂ ಹಿಡಿಸದೇ ಇರುವುದೇ ಜಾಸ್ತಿ.

ಇನ್ನೊಂದು ಮಾತು. ಕಾಲೇಜಿನ ಶೇಕಡಾ ನಿಮ್ಮ ಮಗುವಿನ ಶೇಕಡಾ ಅಲ್ಲ. ಆ 4%ರೊಳಗೆ ಆಟಗಾರರಿದ್ದಾರೆ, ಹಳೇ ವಿದ್ಯಾರ್ಥಿಗಳ ಮಕ್ಕಳಿದ್ದಾರೆ. ಹಾರ್ವರ್ಡ್ ಮೇಲಿನ ಮೊಕದ್ದಮೆಯಲ್ಲಿ ಹೊರಬಂದ ಅಂಕಿಗಳನ್ನು ನೋಡಿದರೆ, ಅಪ್ಪ ಅಮ್ಮ ಅಲ್ಲೇ ಓದಿದ ಮಕ್ಕಳಲ್ಲಿ ಸುಮಾರು ಮೂರಕ್ಕೆ ಒಬ್ಬರಿಗೆ ಸೀಟು ಸಿಗುತ್ತಿತ್ತು. ಎಂಐಟಿ ಅಂಥ ಸಂಬಂಧ ನೋಡುವುದಿಲ್ಲ.

ಗಣಿತಪ್ರಿಯ
ಒಪ್ಪಿದೆ. ಆ ಕೋನದಿಂದ ಯೋಚಿಸಿರಲಿಲ್ಲ. ಆದರೂ ಎರಡಕ್ಕಿಂತ ಹತ್ತು ಮೇಲು, ಅಲ್ವಾ?

ಕ್ಯಾಲಿ_ಕಾವೇರಿ
ಮೇಲು. ಆದರೆ ಹತ್ತಕ್ಕೂ ಪ್ರತ್ಯೇಕ ಸಣ್ಣ ಪ್ರಬಂಧಗಳಿರುತ್ತವೆ. ಹದಿನಾಲ್ಕನೆಯ ಕಾಲೇಜಿಗೆ ಬರೆಯುವ ಹೊತ್ತಿಗೆ ಮಗು ಸುಸ್ತಾಗಿರುತ್ತದೆ, ಬರಹದಲ್ಲಿ ಅದು ಕಾಣುತ್ತದೆ.

ಸಿಂಪಿ
@ಹೊಸಮನೆ_ಅಪ್ಪ ಮೂರು ಬಿ ಅಂತ ಹೆದರಿಸಬೇಡಿ ಸರ್. ಬರ್ಕ್ಲಿ, ಯುಸಿಎಲ್‌ಎ ಥರದ ಯುಸಿಗಳ (ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ) ಲೆಕ್ಕವೇ ಬೇರೆ. ನಾನು ಮೂರು ವರ್ಷದಿಂದ ಮಕ್ಕಳಿಗೆ ಇದರಲ್ಲಿ ಸಹಾಯ ಮಾಡುತ್ತಿದ್ದೇನೆ, ಬಿಡಿಸಿ ಹೇಳುತ್ತೇನೆ.

ಯುಸಿ ಜಿಪಿಎಗೆ 10 ಮತ್ತು 11ನೇ ತರಗತಿಯ ಗ್ರೇಡು ಮಾತ್ರ ಬರುತ್ತದೆ. 9ರ ಬಿ ಅಲ್ಲಿಗೇ ಬಿಟ್ಟುಹೋಯಿತು. ಎ ಮೈನಸ್ ಕೂಡ ಎ ಅಂತಲೇ ಲೆಕ್ಕ. ಎಪಿ ಮತ್ತು ಆನರ್ಸಿಗೆ ಹೆಚ್ಚುವರಿ ಅಂಕ ಎಂಟು ಸೆಮಿಸ್ಟರಿಗೆ ಮಾತ್ರ, ಅದಕ್ಕಿಂತ ಜಾಸ್ತಿ ಎಪಿ ತೆಗೆದುಕೊಂಡರೂ ಅಷ್ಟೇ. ವರ್ಷಕ್ಕೆ ಆರು ವಿಷಯ ಅಂದರೆ ಎರಡು ವರ್ಷಕ್ಕೆ 24 ಸೆಮಿಸ್ಟರ್ ಗ್ರೇಡು. ಅದರಲ್ಲಿ ಎರಡು ಬಿ ಇದ್ದರೆ 4.25 ಆಗುತ್ತದೆ. ಎಲ್ಲಾ ಎ ಬಂದಿದ್ದರೂ 4.33. ನಿಮ್ಮ ಮಗಳಿಗೂ ತುದಿಗೂ ಇರುವ ಅಂತರ ಇಷ್ಟೇ.

ಆ 1530 ಯುಸಿಯಲ್ಲಿ ಯಾರೂ ನೋಡುವುದಿಲ್ಲ. 2021ರಿಂದ ಅಲ್ಲಿ ಪ್ರವೇಶದ ತೀರ್ಮಾನಕ್ಕೆ ಎಸ್‌ಎಟಿ ಪರಿಗಣಿಸುತ್ತಿಲ್ಲ. ಎಂಐಟಿ, ಸ್ಟ್ಯಾನ್‌ಫರ್ಡ್, ಕಾರ್ನೆಲ್, ಜಾರ್ಜಿಯಾ ಟೆಕ್ ಕೇಳುತ್ತವೆ. ಮತ್ತೊಮ್ಮೆ ಬರೆಸಬೇಡಿ ಮೇಡಂ, 1530 ಸಾಕು. ಆ ಎರಡು ತಿಂಗಳ ಶನಿವಾರ ಭಾನುವಾರ ಪ್ರಬಂಧಕ್ಕೆ ಕೊಡಲಿ.

ಶರಾವತಿ_ತೀರ
@ಸಿಂಪಿ ತುಂಬಾ ಧನ್ಯವಾದ. 9ರ ಗ್ರೇಡು ಬರುವುದಿಲ್ಲ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಆ ಒಂದು ಬಿ ಬಗ್ಗೆ ಎಷ್ಟು ಸಲ ಮಾತಾಡಿದ್ದೇವೋ ಲೆಕ್ಕವಿಲ್ಲ. ಆಗಸ್ಟಿನಲ್ಲಿ ಮತ್ತೆ ಎಸ್‌ಎಟಿಗೆ ಹಣ ಕಟ್ಟುವವರಿದ್ದೆವು, ನಿಲ್ಲಿಸುತ್ತೇವೆ.

ಹೊಸಮನೆ_ಅಪ್ಪ
ಪ್ರೈವೇಟ್ ಕಾಲೇಜುಗಳು 9ನ್ನೂ ನೋಡುತ್ತವೆ. ಅದನ್ನೂ ಹೇಳಿ.

ಸಿಂಪಿ
ನೋಡುತ್ತವೆ, ನಿಜ. ಇಡೀ ಟ್ರಾನ್ಸ್‌ಕ್ರಿಪ್ಟ್ ನೋಡುತ್ತವೆ.

ಬಡಗಿ
ಎಲ್ಲರೂ ಗ್ರೇಡಿನ ಹಿಂದೆ ಬಿದ್ದಿದ್ದೀರಿ. ಇಲ್ಲಿ ದೊಡ್ಡ ವಿಷಯ ಮೇಜರ್, ಅಂದರೆ ಆರಿಸಿ ಓದುವ ಮುಖ್ಯ ವಿಷಯ. ಕಾಲೇಜು ಅಲ್ಲ, ಆ ಕಾಲೇಜಿನ ಸಿಎಸ್ ನೋಡಬೇಕು. ಮೊದಲು ಬರ್ಕ್ಲಿಯಲ್ಲಿ ಯಾವುದೋ ವಿಷಯಕ್ಕೆ ಸೇರಿ, ಮೂರು ಕೋರ್ಸಿನಲ್ಲಿ 3.3 ತಂದು ಸಿಎಸ್‌ಗೆ ಹಾರುತ್ತಿದ್ದರು. 2023ರಲ್ಲಿ ಸೇರಿದ ಬ್ಯಾಚಿನಿಂದ ಆ ಬಾಗಿಲು ಹೆಚ್ಚೂ ಕಡಿಮೆ ಮುಚ್ಚಿದೆ, ಸಿಎಸ್ ಬೇಕಾದರೆ ಅರ್ಜಿಯಲ್ಲೇ ಹಾಕಬೇಕು. ಕಾರ್ನೆಗಿ ಮೆಲನ್‌ನಲ್ಲೂ ಒಳಗೆ ಹೋದ ಮೇಲೆ ಬದಲಾಯಿಸುವುದು ಕಷ್ಟ. ಎಂಐಟಿ ಮತ್ತು ಸ್ಟ್ಯಾನ್‌ಫರ್ಡ್ ಮಾತ್ರ ಮೇಜರ್ ನೋಡಿ ಸೀಟು ಕೊಡುವುದಿಲ್ಲ. ಒಳಗೆ ಹೋದ ಮೇಲೆ ಯಾವುದನ್ನಾದರೂ ಓದಬಹುದು.

ಜಾರ್ಜಿಯಾ ಟೆಕ್ ರಾಜ್ಯದ ಮಕ್ಕಳಿಗೂ ಹೊರಗಿನವರಿಗೂ ಬೇರೆ ಬೇರೆ ಅಳತೆ ಇಡುತ್ತದೆ. ಹೊರಗಿನವರಿಗೆ ತುಂಬಾ ಬಿಗಿ. ಯಾರೋ "ಜಾರ್ಜಿಯಾ ಟೆಕ್ ಸುಲಭ" ಅಂದರೆ ಅವರು ಜಾರ್ಜಿಯಾದಲ್ಲಿದ್ದಾರಾ ಕೇಳಿ.

ಲೋನ್‌ಸ್ಟಾರ್_ಅಮ್ಮ
ಟೆಕ್ಸಾಸ್‌ನಲ್ಲೂ ಇದೇ ಕಥೆ. ಯುಟಿ ಆಸ್ಟಿನ್‌ಗೆ ಶಾಲೆಯ ಮೇಲಿನ 6% ಮಕ್ಕಳಿಗೆ ಸೀಟು ಖಚಿತ ಇತ್ತು, 2026ರಲ್ಲಿ ಸೇರುವವರಿಂದ ಅದು 5% ಆಗಿದೆ. ಆದರೆ ಖಚಿತ ಇರುವುದು ಕಾಲೇಜು, ಸಿಎಸ್ ಅಲ್ಲ. ನಮ್ಮ ಮಗ ರ‍್ಯಾಂಕಿನಲ್ಲಿ ಮೇಲಿದ್ದ, ಒಳಗೆ ಹೋದ, ಸಿಎಸ್ ಸಿಗದೆ ಈಗ ಮ್ಯಾಥ್ಸ್ ಓದುತ್ತಿದ್ದಾನೆ. ಮೊದಲ ಸೆಮಿಸ್ಟರ್ ಮುಖ ಗಂಟು ಹಾಕಿಕೊಂಡಿದ್ದ. ಈಗ ಪ್ರೂಫ್ ಬಗ್ಗೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಾನೆ. ನನಗೆ ಒಂದೂ ಅರ್ಥವಾಗುವುದಿಲ್ಲ, ಕೇಳುತ್ತಾ ಕೂತಿರುತ್ತೇನೆ.

ನೀಲಗಿರಿ_ನೆರಳು
ಭಾರತೀಯ ಮಕ್ಕಳು ಅಂದರೆ ಎಲ್ಲಾ ಕಡೆ ಕತ್ತರಿ ಹಾಕುತ್ತಾರೆ. ಹೆಸರು ನೋಡಿದ ತಕ್ಷಣ ಗೊತ್ತಾಗುತ್ತದಲ್ಲ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಕ್ಯಾಲಿ_ಕಾವೇರಿ
ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಲ್ಲಿ ಜನಾಂಗ ನೋಡುವ ಹಾಗಿಲ್ಲ ಎಂದು 1996ರಲ್ಲೇ ಮತ ಹಾಕಿ ತೀರ್ಮಾನ ಮಾಡಿದ್ದಾರೆ, ಪ್ರೊಪೊಸಿಷನ್ 209. ದೇಶಕ್ಕೆಲ್ಲಾ ಅನ್ವಯಿಸುವ ತೀರ್ಪು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಅದರ ಮರುವರ್ಷ ಎಂಐಟಿಯ ಹೊಸ ಬ್ಯಾಚಿನಲ್ಲಿ ಏಷ್ಯನ್ ಅಮೆರಿಕನ್ನರು ಸುಮಾರು 40%ರಿಂದ 47%ಗೆ ಏರಿದರು. ಯೇಲ್‌ನಲ್ಲಿ ಮಾತ್ರ 30%ರಿಂದ 24%ಗೆ ಇಳಿದರು. ಎರಡೂ ಒಂದೇ ತೀರ್ಪಿನ ನಂತರ. ಹೀಗಿರುವಾಗ ಎಲ್ಲಾ ಕಡೆ ಕತ್ತರಿ ಅನ್ನುವುದು ಸರಿಯಲ್ಲ.

ನೀಲಗಿರಿ_ನೆರಳು
ಯೇಲ್ ಅಂಕಿ ನೋಡಿದರೆ ನನ್ನ ಮಾತೇ ಸರಿ ಅನ್ನಿಸುತ್ತದೆ. ಒಪ್ಪುವುದಿಲ್ಲ.

ಕ್ಯಾಲಿ_ಕಾವೇರಿ
ಆಗಲಿ. ಹದಿನೇಳರ ಹುಡುಗಿಗೆ "ನಿನ್ನ ಹೆಸರೇ ಅಡ್ಡಿ" ಎಂದು ಮಾತ್ರ ಹೇಳಬೇಡಿ ದಯವಿಟ್ಟು. ಅದನ್ನು ಕೇಳಿ ಬೆಳೆದ ಮಕ್ಕಳನ್ನು ನೋಡಿದ್ದೇನೆ. ಸಂಗೀತ, ಭಾಷೆ ಎಲ್ಲಾ ಅರ್ಜಿಯಿಂದ ಅಳಿಸಿ ಹಾಕುತ್ತಾರೆ. ಒಂಬತ್ತು ವರ್ಷ ಹಾಡಿದ್ದನ್ನು ಬಚ್ಚಿಡುವುದು ಯಾವ ನ್ಯಾಯ?

ವರದಾ_ಮೂಲೆ
ವಿಷಯಾಂತರಕ್ಕೆ ಕ್ಷಮಿಸಿ. ನಾವು ಎಚ್-4 (ಎಚ್-1ಬಿ ಮೇಲೆ ಕೆಲಸ ಮಾಡುವವರ ಕುಟುಂಬದ ವೀಸಾ). ಮಗಳು 10ನೇ ತರಗತಿ. ಐಸ್‌ಕ್ರೀಮ್ ಅಂಗಡಿಯಲ್ಲಿ ಸಹ ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ. ಅವಳ ಗೆಳತಿಯರೆಲ್ಲ ಬೇಸಿಗೆಯಲ್ಲಿ ಪೇಯ್ಡ್ ಇಂಟರ್ನ್‌ಶಿಪ್ ಅಂತ ಹೋಗುತ್ತಾರೆ, ಇವಳು ಮನೆಯಲ್ಲಿರುತ್ತಾಳೆ. ಇದು ಅರ್ಜಿಯಲ್ಲಿ ಕೊರತೆಯಾಗುತ್ತದಾ?

ಸಿಂಪಿ
@ವರದಾ_ಮೂಲೆ ಕ್ಷಮೆ ಯಾಕೆ ಅಕ್ಕ, ಇಲ್ಲಿ ಅರ್ಧ ಜನರ ಮನೆಯ ಪ್ರಶ್ನೆ ಇದು. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿ ಎಂಬ ಜಾಗ ಇರುತ್ತದೆ. ವೀಸಾದಿಂದ ಸಂಬಳದ ಕೆಲಸ ಮಾಡಲಾಗುವುದಿಲ್ಲ ಎಂದು ಅಲ್ಲಿ ಎರಡು ಸಾಲು ಬರೆಯಲಿ, ಗೋಳಾಡುವುದು ಬೇಡ. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವುದು, ಅಡುಗೆಗೆ ನೆರವಾಗುವುದು ಇವೆಲ್ಲ ಚಟುವಟಿಕೆಯ ಪಟ್ಟಿಗೆ ಸೇರುತ್ತವೆ.

ಹಣದ ವಿಷಯ ಮೊದಲೇ ತಿಳಿದಿರಿ. ಎಚ್-4 ಮಕ್ಕಳಿಗೆ ಫಾಫ್ಸಾ ಎಂಬ ಅರ್ಜಿಯ ಮೂಲಕ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ತುಂಬಾ ಪ್ರೈವೇಟ್ ಕಾಲೇಜುಗಳು ಹಣದ ನೆರವಿಗೆ ಇವರನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿ ಅಂತಲೇ ನೋಡುತ್ತವೆ. ಯುಸಿಯಲ್ಲಿ ಮಾತ್ರ ರೆಸಿಡೆನ್ಸಿ ನಿಯಮ ಪೂರೈಸಿದರೆ ಎಚ್-4 ಮಕ್ಕಳೂ ಇನ್-ಸ್ಟೇಟ್ (ರಾಜ್ಯದವರ) ಫೀಸು ಕಟ್ಟಬಹುದು. 21 ತುಂಬಿದರೆ ಎಚ್-4 ಮುಗಿಯುತ್ತದೆ, ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಇದನ್ನು ಈಗಲೇ ವಕೀಲರ ಹತ್ತಿರ ಮಾತಾಡಿ.

ವರದಾ_ಮೂಲೆ
ತುಂಬಾ ಉಪಕಾರ ಆಯ್ತು. ಬರೆದಿಟ್ಟುಕೊಂಡೆ.

ಹೊಸಮನೆ_ಅಪ್ಪ
ಮೂಲ ಪ್ರಶ್ನೆಗೆ ಬರೋಣ. ಕಾರ್ನೆಲ್‌ಗೆ ಇಡಿ (ಅರ್ಲಿ ಡಿಸಿಷನ್) ಹಾಕಿ. ಇಡಿಯಲ್ಲಿ ಶೇಕಡಾ ಜಾಸ್ತಿ.

ಬಡಗಿ
ಇಡಿ ಅಂದರೆ ಸಿಕ್ಕರೆ ಸೇರಲೇಬೇಕು ಎಂಬ ಒಪ್ಪಂದ ಸರ್. ಮಗು, ಅಪ್ಪ ಅಮ್ಮ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಪ್ರೈವೇಟ್ ಕಾಲೇಜಿಗೆ ಊಟ ವಸತಿ ಸೇರಿ ಈಗ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. ಬೇರೆ ಕಡೆಯ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡಲು ಅವಕಾಶವೇ ಇರುವುದಿಲ್ಲ. ಮೊದಲು ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನಿಮಗೆ ಬೀಳುವ ಖರ್ಚಿನ ಅಂದಾಜು) ತುಂಬಿಸಿ. 2011ರಿಂದ ಕಾಲೇಜುಗಳು ಅದನ್ನು ಕೊಡಲೇಬೇಕು. ಹತ್ತು ನಿಮಿಷದ ಕೆಲಸ.

ಇಡಿಯ ಶೇಕಡಾದಲ್ಲಿ ಮೊದಲೇ ಆಯ್ಕೆಯಾದ ಆಟಗಾರರೂ ಸೇರಿರುತ್ತಾರೆ. ಅವರನ್ನು ಕಳೆದರೆ ಆ ಲಾಭ ಕಾಣುವಷ್ಟು ದೊಡ್ಡದಲ್ಲ.

ಕೋಡುಬಳ್ಳಿ
ನಾವು ಒಬ್ಬ ಪ್ರೈವೇಟ್ ಕೌನ್ಸೆಲರ್‌ಗೆ ಒಂಬತ್ತು ಸಾವಿರ ಡಾಲರ್ ಕೊಟ್ಟೆವು. "ಟಾಪ್ 20ರಲ್ಲಿ 70% ಅವಕಾಶ" ಎಂದು ಬಣ್ಣದ ಚಾರ್ಟ್ ಕೊಟ್ಟರು. ಮಗಳು ಆ ಚಾರ್ಟನ್ನು ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಮಾರ್ಚ್ ಕೊನೆಯಲ್ಲಿ ಅವಳೇ ಕಿತ್ತಳು, ಟೇಪಿನ ಜೊತೆ ಗೋಡೆಯ ಬಣ್ಣವೂ ಬಂತು. ಈಗಲೂ ಅಲ್ಲಿ ನಾಲ್ಕು ಬಿಳಿ ಗುರುತು ಇದೆ. ಶೇಕಡಾ ಹೇಳುವವರನ್ನು ನಂಬಬೇಡಿ ಮೇಡಂ.

ತುಂಗಾ77
ಅಯ್ಯೋ. ಈಗ ಹೇಗಿದ್ದಾಳೆ ಮಗು?

ಕೋಡುಬಳ್ಳಿ
ಚೆನ್ನಾಗಿದ್ದಾಳೆ. ಯುಸಿ ಡೇವಿಸ್‌ನಲ್ಲಿದ್ದಾಳೆ, ಸೈಕಲ್ ಹೊಡೆದು ಹೊಡೆದು ಕಪ್ಪಾಗಿದ್ದಾಳೆ.

ಎರಡನೇ_ವರ್ಷ
ಆಂಟಿ, ನಾನು ಈಗ ಕಾಲೇಜಿನಲ್ಲಿ ಎರಡನೇ ವರ್ಷ. ಕನ್ನಡ ಓದುತ್ತೇನೆ, ಬರೆಯುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ.

ನಾನು 14 ಕಡೆ ಅರ್ಜಿ ಹಾಕಿದ್ದೆ. 11 ಕಡೆ ಇಲ್ಲ ಅಂದರು. ಎಲ್ಲರೂ ಒಟ್ಟಿಗೆ ನೋಡೋಣ ಎಂದು ಅಮ್ಮ ಹೇಳಿದ್ದರು, ನಾನು ಮಾತ್ರ ಶಾಲೆಯ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಫೋನಿನಲ್ಲೇ ತೆರೆದೆ. ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಪೂರ್ತಿ ಓದಬೇಕಿಲ್ಲ. ಮನೆಗೆ ಹೋದಾಗ ಅಪ್ಪ ಪಾತ್ರೆ ತೊಳೆಯುತ್ತಿದ್ದರು. ತಿರುಗಿ ನೋಡಲಿಲ್ಲ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನನ್ನ ಮೇಲೆ ಸಿಟ್ಟು ಅಂದುಕೊಂಡೆ. ತಮ್ಮ ಮೇಲೆ ತಾವೇ ಸಿಟ್ಟಾಗಿದ್ದರಂತೆ, ಒಂದು ವರ್ಷ ಆದ ಮೇಲೆ ಹೇಳಿದರು. ಆವತ್ತೇ ಹೇಳಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಷಯ. ಇಷ್ಟು ಜನ ಬರೆದರು, ಯಾರೂ ಆ ಲೈಬ್ರರಿಯ ಬಗ್ಗೆ ಕೇಳಲಿಲ್ಲ. ರೊಬೊಟಿಕ್ಸ್, ಯುಎಸ್‌ಎಕೋ ನನ್ನ ಹೈಸ್ಕೂಲಿನಲ್ಲಿ ಎಷ್ಟೋ ಜನರಿಗೆ ಇತ್ತು, ನನಗೂ ಇತ್ತು. ವಯಸ್ಸಾದವರಿಗೆ ಫೋನ್ ಕಲಿಸುತ್ತಿದ್ದವರು ಯಾರೂ ಇರಲಿಲ್ಲ. ಅಲ್ಲಿ ಏನು ಮಾಡುತ್ತಾಳೆ ಆಂಟಿ?

ಶರಾವತಿ_ತೀರ
ನಿನ್ನ ಕನ್ನಡ ತುಂಬಾ ಚೆನ್ನಾಗಿದೆ ಪುಟ್ಟಾ. ಓದಿ ಕಣ್ಣು ತುಂಬಿ ಬಂತು.

ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಗೊತ್ತಿರಲಿಲ್ಲ. ನಿನ್ನ ಮಾತು ಓದಿ ಈಗ ಹೋಗಿ ಕೇಳಿದೆ. ಒಂದು ನೋಟ್‌ಬುಕ್ ತೋರಿಸಿದಳು. ಫೋನಿನ ಪರದೆಯನ್ನು ಕೈಯಲ್ಲೇ ದೊಡ್ಡದಾಗಿ ಬರೆದು, ಎಲ್ಲಿ ಒತ್ತಬೇಕೋ ಅಲ್ಲಿ ಕೆಂಪು ಬಾಣ ಹಾಕಿದ್ದಾಳೆ. ಪುಟದ ಮೂಲೆಯಲ್ಲಿ ಯಾರು ಎಲ್ಲಿ ಸಿಕ್ಕಿಹಾಕಿಕೊಂಡರು ಎಂದು ಗುರುತು ಇದೆ. ಒಬ್ಬರು ಅಜ್ಜ ಮಗನಿಗೆ ಫೋಟೊ ಕಳಿಸುವುದನ್ನು ಕಲಿಯಲು ಮೂರು ಶನಿವಾರ ಬಂದರಂತೆ. ಅವರ ಬೆರಳು ನಡುಗುತ್ತದೆ, ಒತ್ತಿದ್ದು ಎರಡು ಸಲ ಒತ್ತಿದ ಹಾಗಾಗುತ್ತದೆ. ಇವಳು ಸೆಟ್ಟಿಂಗ್ಸ್ ಹುಡುಕಿ, ಒತ್ತುವ ಸಮಯ ಬದಲಾಯಿಸಿಕೊಟ್ಟಳಂತೆ. ಒಂದೂವರೆ ವರ್ಷದಿಂದ ನಾನೇ ಕರೆದುಕೊಂಡು ಹೋಗಿ ಬಿಡುತ್ತಿದ್ದೇನೆ. ಯಾವತ್ತೂ ಒಳಗೆ ಹೋಗಿ ನೋಡಿರಲಿಲ್ಲ.

ಸಿಂಪಿ
ಮೇಡಂ, ನೀವು ಈಗ ಬರೆದಿದ್ದೇ ಪ್ರಬಂಧ! ಯುಸಿಗೆ ಎಂಟು ಪ್ರಶ್ನೆಯಲ್ಲಿ ನಾಲ್ಕಕ್ಕೆ ಉತ್ತರ ಬರೆಯಬೇಕು, ಒಂದೊಂದು 350 ಪದ. ಅದರಲ್ಲಿ ಒಂದು ಇದು.

ಹೊಸಮನೆ_ಅಪ್ಪ
ಒಳ್ಳೆಯ ಹುಡುಗಿ, ಸಂತೋಷ. ಆದರೆ ಅಜ್ಜನಿಗೆ ಫೋನ್ ಕಲಿಸಿದರೆ ಬರ್ಕ್ಲಿ ಸಿಎಸ್ ಸಿಗುತ್ತದೆ ಎಂದು ಆಸೆ ಹುಟ್ಟಿಸಬೇಡಿ.

ಎರಡನೇ_ವರ್ಷ
ಸಿಗುತ್ತದೆ ಎಂದು ನಾನು ಹೇಳಲಿಲ್ಲ ಅಂಕಲ್. ಅವಳು ಯಾರು ಎಂದು ಓದುವವರಿಗೆ ಗೊತ್ತಾಗುತ್ತದೆ ಅಂದೆ.

ಬಡಗಿ
@ಹೊಸಮನೆ_ಅಪ್ಪ ಸರ್, ಕಾಲೇಜುಗಳೇ ಏನು ನೋಡುತ್ತೇವೆ ಎಂದು ಬರೆದು ಹಾಕುತ್ತವೆ. ಹೆಚ್ಚಿನವು ಕಾಮನ್ ಡೇಟಾ ಸೆಟ್ ಎಂದು ಪ್ರತಿವರ್ಷ ಪ್ರಕಟಿಸುತ್ತವೆ. ಅದರಲ್ಲಿ ಸಿ7 ಎಂಬ ಕೋಷ್ಟಕ ತೆಗೆದು ನೋಡಿ. ಗ್ರೇಡು, ಪ್ರಬಂಧ, ಸ್ವಭಾವ, ಸ್ವಯಂಸೇವೆ ಒಂದೊಂದಕ್ಕೂ ಎಷ್ಟು ಮಹತ್ವ ಎಂದು ಗುರುತು ಹಾಕಿರುತ್ತಾರೆ. ಎಂಐಟಿ ಸ್ವಭಾವಕ್ಕೆ "ಬಹಳ ಮುಖ್ಯ" ಎಂದು ಹಾಕಿದೆ. ಪಟ್ಟಿಯಲ್ಲಿರುವ ಒಂದೊಂದು ಕಾಲೇಜಿಗೂ ಇದನ್ನು ತೆರೆದು ಓದಿ ಮೇಡಂ. ನಮ್ಮ ಊಹೆಗಿಂತ ಅದು ಮೇಲು.

ಶಾಲೆಯಲ್ಲಿ ನೇವಿಯನ್ಸ್ ಎಂಬ ಸಾಫ್ಟ್‌ವೇರ್ ಇದ್ದರೆ ಅದನ್ನೂ ನೋಡಿ. ಅದೇ ಶಾಲೆಯಿಂದ ಹಿಂದಿನ ವರ್ಷಗಳಲ್ಲಿ ಯಾವ ಗ್ರೇಡಿನವರಿಗೆ ಎಲ್ಲಿ ಸಿಕ್ಕಿತು ಎಂದು ಚುಕ್ಕಿಗಳಲ್ಲಿ ಕಾಣುತ್ತದೆ. ಮೇಜರ್ ಯಾವುದು ಎಂದು ಮಾತ್ರ ಕಾಣುವುದಿಲ್ಲ, ಸಿಎಸ್‌ಗೆ ಒಂದು ಹಿಡಿ ಕಡಿಮೆ ಮಾಡಿಕೊಂಡು ಓದಿ.

ತುಂಗಾ77
ಸೇಫ್ಟಿ ವಿಷಯ ಅಲ್ಲೇ ಉಳಿಯಿತು. ಕ್ಯಾಲ್ ಪೊಲಿ, ಸ್ಯಾನ್ ಹೊಸೆ ಸ್ಟೇಟ್, ಯುಸಿ ರಿವರ್‌ಸೈಡ್, ಮರ್ಸೆಡ್ ನೋಡಿ. ಸಿಎಸ್‌ಗೆ ಕ್ಯಾಲ್ ಪೊಲಿಯನ್ನು ಸೇಫ್ಟಿ ಅಂದುಕೊಳ್ಳಬೇಡಿ, ಅಲ್ಲೂ ಪೈಪೋಟಿ ಇದೆ. ಶಾಲೆಯ ಮೇಲಿನ 9%ರಲ್ಲಿದ್ದರೆ ಯುಸಿಯ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ, ಜಾಗ ಇರುವ ಕಡೆ, ಸೀಟು ಕೊಡುತ್ತೇವೆ ಎಂಬ ನಿಯಮವೂ ಇದೆ.

ಲೋನ್‌ಸ್ಟಾರ್_ಅಮ್ಮ
ಸೇಫ್ಟಿಗೆ ಮಗುವನ್ನು ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ. ನಾವು ದೊಡ್ಡ ಹೆಸರಿನ ಕಡೆಗೆಲ್ಲ ಪ್ರವಾಸ ಹೋದೆವು, ಸೇಫ್ಟಿಗೆ ಮಾತ್ರ ಹೋಗಲೇ ಇಲ್ಲ. ಕೊನೆಗೆ ಸಿಕ್ಕಿದ್ದು ಅಂಥದ್ದೇ ಆದರೆ ಮಗುವಿಗೆ ಅಪರಿಚಿತ ಊರಿಗೆ ತಳ್ಳಿದ ಹಾಗೆ.

ಗಣಿತಪ್ರಿಯ
ಕಮ್ಯುನಿಟಿ ಕಾಲೇಜಿನಿಂದ (ಎರಡು ವರ್ಷದ ಸ್ಥಳೀಯ ಕಾಲೇಜು) ಟ್ರಾನ್ಸ್‌ಫರ್ ದಾರಿಯೂ ಇದೆ. ಆರು ಯುಸಿಗಳಿಗೆ ಖಚಿತ ಪ್ರವೇಶದ ಒಪ್ಪಂದ ಇದೆ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಅದರಲ್ಲಿಲ್ಲ. ಸಿಎಸ್‌ಗೆ ಎಲ್ಲೆಲ್ಲಿ ಆ ಒಪ್ಪಂದ ನಡೆಯುತ್ತದೆ ಎಂದು ಪ್ರತಿವರ್ಷ ನೋಡಿಕೊಳ್ಳಬೇಕು. ನಮ್ಮವರಿಗೆ ಇದು ಯಾಕೋ ಮರ್ಯಾದೆಯ ಪ್ರಶ್ನೆ ಆಗಿದೆ, ಆಗಬಾರದು.

ಶರಾವತಿ_ತೀರ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ನಮ್ಮನೆಯವರು, ನಾನು, ಅವಳು ಮೂವರೂ ಕೂತು ಇದನ್ನೆಲ್ಲ ಓದಿದೆವು. ಕೋಡುಬಳ್ಳಿಯವರ ಗೋಡೆಯ ವಿಷಯ ಬಂದಾಗ ಅವಳು ಸುಮ್ನೆ ಎದ್ದು ಹೋಗಿ ನೀರು ಕುಡಿದು ಬಂದಳು.

ಪಟ್ಟಿ ಬದಲಾಗಿದೆ. ಜಾರ್ಜಿಯಾ ಟೆಕ್ ಮತ್ತು ಕಾರ್ನೆಲ್ ಬಿಟ್ಟೆವು. ಕಾರ್ನೆಲ್ ಯಾಕಿತ್ತು ಎಂದು ಕೇಳಿದರೆ "ನೀವೇ ಹೇಳಿದ್ರಲ್ಲ" ಅಂದಳು, ಅವಳಿಗೆ ಅಷ್ಟು ಚಳಿ ಬೇಡವೇ ಬೇಡವಂತೆ. ರಿವರ್‌ಸೈಡ್, ಸಾಂಟಾ ಕ್ರೂಜ್, ಸ್ಯಾನ್ ಹೊಸೆ ಸ್ಟೇಟ್ ಸೇರಿಸಿದ್ದೇವೆ. ಮುಂದಿನ ವಾರ ಸಾಂಟಾ ಕ್ರೂಜ್ ನೋಡಲು ಹೋಗುತ್ತೇವೆ. ಇಡಿ ಹಾಕುವುದಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಲೈಬ್ರರಿಯ ಕೆಲಸವನ್ನು ಚಟುವಟಿಕೆಯ ಪಟ್ಟಿಯಲ್ಲಿ ಎಷ್ಟು ಉದ್ದ ಬರೆಯಬಹುದು? ಅವಳು ಒಂದು ಪುಟ ಬರೆದು ಕೂತಿದ್ದಾಳೆ.

ಸಿಂಪಿ
ಕಾಮನ್ ಆಪ್‌ನಲ್ಲಿ ಹತ್ತು ಚಟುವಟಿಕೆ, ಒಂದೊಂದರ ವಿವರಣೆಗೆ 150 ಅಕ್ಷರ. ಪದ ಅಲ್ಲ, ಅಕ್ಷರ, ಖಾಲಿ ಜಾಗವೂ ಸೇರಿ. ಯುಸಿಯಲ್ಲಿ 350 ಅಕ್ಷರ. ಆ ಪುಟ ಎಸೆಯಬೇಡಿ, ಪ್ರಬಂಧಕ್ಕೆ ಬೇಕಾಗುತ್ತದೆ.

ಎರಡನೇ_ವರ್ಷ
150ರಲ್ಲಿ ಕೆಂಪು ಬಾಣ ಇರಲಿ ಆಂಟಿ.